ದಾನದ ಉಣ್ಣೆಗೆ ಕತ್ತರಿ ಹಾಕಿದ ಅಪರಾಧ

ಪರಿಹಾರ ಶಿಬಿರಗಳ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ಸೋಮವಾರ ತಮ್ಮ ಸಿಬ್ಬಂದಿ ನಮ್ಮ ಶಿಬಿರಕ್ಕೆ ಬಂದು ನನ್ನ ತಂಗಿಯ ಹೊಲಿಗೆ ಯಂತ್ರವನ್ನು ಹೊತ್ತೊಯ್ದರು. ಅವಳ ಅಪರಾಧವನ್ನು ತಮ್ಮ ಆದೇಶಪತ್ರ ಹೀಗೆ ವಿವರಿಸುತ್ತದೆ: ‘ದಾನವಾಗಿ ಬಂದ ಉಡುಪುಗಳ ಅನಧಿಕೃತ ರೂಪಾಂತರ’. ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವನು ನಾನು. ತಮ್ಮ ಆದೇಶದ ವ್ಯಾಕರಣ ನಿರ್ದುಷ್ಟವಾಗಿದೆ. ವಿವೇಕದ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ.

ಭೂಮಿ ನಡುಗಿದ ಅರ್ಧ ಗಂಟೆಯಲ್ಲಿ ಕಡಲು ಬೀದಿಗೆ ನುಗ್ಗಿದಾಗ ಉಟ್ಟ ಬಟ್ಟೆಯಲ್ಲೇ ಗುಡ್ಡ ಹತ್ತಿದವರು ನಾವು. ನಮಗೆ ತಾವು ಹಂಚಿದ್ದೇನು? ಮೊಣಕಾಲು ಮುಟ್ಟುವ ಉಣ್ಣೆಯ ಕೋಟುಗಳು. ಜೊತೆಗೆ ಯಾವುದೋ ಹೋಟೆಲಿನವರು ಕಿಟಕಿಯಿಂದ ಕಳಚಿ ಕೊಟ್ಟ ಹೂವಿನ ಪರದೆಗಳು. ತಗಡಿನ ಮಾಡಿನ ಕೆಳಗೆ ಬೆಂದುಹೋಗುತ್ತಿರುವವರಿಗೆ ಉಣ್ಣೆ! ಯಾವ ಹಿಮಪಾತದ ಮುನ್ಸೂಚನೆ ತಮ್ಮ ಕಚೇರಿಗೆ ಬಂದಿತ್ತೋ ನಾನರಿಯೆ.

ನನ್ನ ತಂಗಿ ನಲವತ್ತು ವರ್ಷ ದರ್ಜಿಯಾಗಿ ದುಡಿದವಳು. ಮಗಳನ್ನು ಅಲೆ ಒಯ್ದ ದಿನದಿಂದ ಹದಿನಾರು ದಿನ ತುಟಿ ಬಿಚ್ಚಿರಲಿಲ್ಲ. ಹದಿನೇಳನೆಯ ದಿನ ಒಬ್ಬಳೇ ಗುಡ್ಡವಿಳಿದು, ಅಂಗಡಿಯಿದ್ದ ಜಾಗದ ಕೆಸರು ಬಗೆದು ಯಂತ್ರವನ್ನು ಹೊರತೆಗೆದಳು. ಮೀನುಗಾರರಿಬ್ಬರು ಅದನ್ನು ಹೊತ್ತು ತಂದರು. ಸೀಮೆಎಣ್ಣೆಯಲ್ಲಿ ತೊಳೆದು ತುಕ್ಕು ಉಜ್ಜಿದೆವು. ಚಕ್ರದ ಪಟ್ಟಿ ಕೊಳೆತಿತ್ತು. ನನ್ನ ಸೊಂಟದ ಪಟ್ಟಿಯನ್ನೇ ಸೀಳಿ ಕಟ್ಟಿದೆ. ಚಕ್ರ ತಿರುಗಿತು. ಆಗ ಅವಳು ಆಡಿದ ಮೊದಲ ಮಾತು: “ದಾರ ಎಲ್ಲಿದೆ ಅಣ್ಣ?”

ಪರದೆಗಳು ಅಂಗಿ, ಷರಾಯಿಗಳಾದವು. ಕೋಟುಗಳ ಒಳಪದರ ಮಕ್ಕಳ ಚಡ್ಡಿಯಾಯಿತು, ಉಣ್ಣೆ ಬಾಣಂತಿಯರ ಹಾಸಿಗೆಯಾಯಿತು. ಅಕ್ಕಪಕ್ಕದ ಹೆಂಗಸರು ಬಂದು ಕುಳಿತು ಗುಂಡಿ ಹಚ್ಚತೊಡಗಿದರು. ನನ್ನ ಅಂಗಿಯ ಬೆನ್ನ ಮೇಲೆ ಅಗಲವಾದ ಕೆಂಪು ಹೂವೊಂದು ಅರಳಿತ್ತು. ಅಣ್ಣನಿಗೆ ಮದುವೆ ಕಳೆ ಬಂದಿದೆ ಎಂದು ತಂಗಿ ಎಲ್ಲರೆದುರು ಛೇಡಿಸಿದಳು. ನಕ್ಕಳು ಕೂಡ.

ತಮ್ಮ ಗುಮಾಸ್ತರು ಬಂದದ್ದು ಅದರ ಬೆನ್ನಲ್ಲೇ, ಆ ಸೋಮವಾರ. ಶುಕ್ರವಾರ ದಾನಿಗಳು ಕಚೇರಿಗೆ ಬರುತ್ತಾರೆ, ಅವರು ಕೊಟ್ಟ ಕೋಟು ತೊಟ್ಟು ನಾವು ಸಾಲಾಗಿ ನಿಂತ ಚಿತ್ರ ಬೇಕಾಗಿದೆ ಎಂದು ತಿಳಿಸಿದರು.

“ಕೊಟ್ಟೋರ ಮನಸ್ಸು ನೋಯಲ್ವಾ ಅಜ್ಜಿ?” ಕತ್ತರಿಸಿದ ಕೋಟುಗಳನ್ನು ಕಂಡು ತಂಗಿಯನ್ನು ಕೇಳಿದರು.

“ಈ ಕೋಟು ಹಾಕ್ಕೊಂಡು ಒಂದು ಗಂಟೆ ಈ ತಗಡಿನ ಕೆಳಗೆ ಕೂತ್ಕೊಳ್ಳಪ್ಪ. ಆಮೇಲೆ ಮನಸ್ಸಿನ ಮಾತಾಡೋಣ.”

ಅವರು ಕೋಟು ತೊಡಲಿಲ್ಲ, ಯಂತ್ರ ಎತ್ತಿದರು. ಅಂದಿನಿಂದ ತಂಗಿ ಮತ್ತೆ ಮಾತು ಬಿಟ್ಟಿದ್ದಾಳೆ. ಯಂತ್ರವಿದ್ದ ಮೂಲೆಯಲ್ಲೇ ಕುಳಿತಿರುತ್ತಾಳೆ. ಬಲಗಾಲು ಮಾತ್ರ ಬರಿನೆಲವನ್ನು ತುಳಿಯುತ್ತಿರುತ್ತದೆ.

ದಾನವೆಂದರೇನು ಮಾನ್ಯರೇ? ಕೊಟ್ಟ ಮೇಲೂ ಕೊಟ್ಟವನ ಅಳತೆಗೇ ಪಡೆದವನು ಬದುಕಬೇಕೆ? ಮನೆಯ ಜೊತೆಗೆ ಕೈಕಸುಬನ್ನೂ ಕಳೆದುಕೊಂಡವರು ಮಾತ್ರ ತಮ್ಮ ಕಣ್ಣಿಗೆ ಸಂತ್ರಸ್ತರೆ? ದಾನಿಗಳಿಗೆ ನಾವು ಋಣಿಗಳು. ಎದುರು ಬಂದರೆ ಕೈಮುಗಿಯುತ್ತೇವೆ. ಆದರೆ ಅವರ ಮನಸ್ಸಿನ ಸುರಕ್ಷತೆಗಾಗಿ ನನ್ನ ತಂಗಿಯ ಬಾಯಿ ಹೊಲಿಯುವ ಅಧಿಕಾರವನ್ನು ತಮಗೆ ಯಾರೂ ಕೊಟ್ಟಿಲ್ಲ.

ಗುರುವಾರ ಸಂಜೆಯೊಳಗೆ ಆ ಯಂತ್ರ ಅದೇ ಮೂಲೆಗೆ ಮರಳಬೇಕು. ತಪ್ಪಿದರೆ, ರೂಪಾಂತರಗೊಂಡ ಉಡುಪುಗಳನ್ನೆಲ್ಲ ಕಚೇರಿಗೆ ಒಪ್ಪಿಸತಕ್ಕದ್ದು ಎಂಬ ತಮ್ಮ ಆದೇಶದ ಕೊನೆಯ ಸಾಲನ್ನು, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ದಾನಿಗಳ ಸಮ್ಮುಖದಲ್ಲಿ, ಈ ಶಿಬಿರದ ಹನ್ನೊಂದು ಮಂದಿ ಮುದುಕರು ಅಕ್ಷರಶಃ ಪಾಲಿಸುತ್ತೇವೆ. ಅಂಗಿ, ಷರಾಯಿ ಎಲ್ಲವನ್ನೂ ನೀಟಾಗಿ ಮಡಚಿ ತಮ್ಮ ಮೇಜಿನ ಮೇಲಿಡುತ್ತೇವೆ. ಉಟ್ಟು ಬಂದದ್ದು ಎಂದೋ ಹರಿದುಹೋಗಿದೆ, ಬೇರೆ ಉಡುಪು ನಮ್ಮಲ್ಲಿಲ್ಲ. ಚಿತ್ರ ತೆಗೆಯುವವರು ಹೇಗೂ ಅಲ್ಲೇ ಇರುತ್ತಾರೆ.

ಇಂತಿ,
ಶುಕ್ರವಾರದವರೆಗೆ ವಸ್ತ್ರಧಾರಿಯಾಗಿರುವ
ಒಬ್ಬ ಮುದುಕ