ಅದೇ ಹೊಲ, ಅದೇ ಮಾತು, ನನಗೆ ನೋಟಿಸ್

ಅಪ್ಪಾ,

ಕಟಕೋಳದ ಹತ್ತಿರದ ಆ ಹೊಲ ನೆನಪಿದೆಯೇ? ನನಗಾಗ ಎಂಟು ವರ್ಷ. ಶಾಲೆಗೆ ರಜೆಯೆಂದು ಹೊಲ ಅಳೆಯುವ ಮೋಜಣಿಗೆ ನೀನು ನನ್ನನ್ನೂ ಕರೆದುಕೊಂಡು ಹೋಗಿದ್ದೆ. ಹೊಲದ ಗೌಡ ಪಕ್ಕದವರ ನೆಲ ಒತ್ತಿದ್ದ. ನೀನು ಅಳತೆಯ ಸರಪಳಿ ಕೆಳಗೆ ಹಾಕಿ ಗುಡುಗಿದೆ: “ದಿಮಾಕ ಮನ್ಯಾಗ ಇಟ್ಟ ಬರ್ರಿ ಗೌಡ್ರ! ಬಾಂದುಕಲ್ಲ ಬೀಳೂದು ಇಲ್ಲೇ.” ಗೌಡ ತಣ್ಣಗಾದ. ಮಧ್ಯಾಹ್ನ ಬೇವಿನ ಗಿಡದ ಕೆಳಗೆ ತನ್ನ ಬುತ್ತಿಯನ್ನೇ ಬಿಚ್ಚಿ ನಮಗೆ ರೊಟ್ಟಿ, ಝುಣಕ ಹಾಕಿ, “ಖಡಕ್ ಮನಷ್ಯಾ ಅದೀರಿ ನೀವು” ಅಂದ. ರಾಮದುರ್ಗ ಮುಟ್ಟುವವರೆಗೂ ಬಸ್ಸಿನಲ್ಲಿ ನಾನು ಎಷ್ಟು ಬೀಗಿದ್ದೆ!

ಕಳೆದ ತಿಂಗಳು ಅದೇ ಹೊಲಕ್ಕೆ ನಾನು ಹೋಗಿದ್ದೆ, ನಿನ್ನದೇ ಸರ್ವೆಯರ್ ಹುದ್ದೆಯಲ್ಲಿ. ಗೌಡನ ಮಗ ನೀನು ನೆಟ್ಟ ಗಡಿಕಲ್ಲು ಕಿತ್ತು ಪಕ್ಕದವರ ನೆಲದೊಳಕ್ಕೆ ಸರಿಸಿದ್ದ. ಅಳೆಯಲು ನಿಂತರೆ, “ಯಾರರ ಗಂಡಸರನ್ನ ಕಳಸ್ರಿ. ನೀವು ನೆರಳಾಗ ಕುಂದರ್ರಿ ಅಕ್ಕಾರ” ಅಂದ. ನನ್ನ ಬಾಯಿಂದ ಬಂದದ್ದು ನಿನ್ನ ಮಾತೇ, ಒಂದಕ್ಷರ ಹೆಚ್ಚಿಲ್ಲ. ಕಲ್ಲನ್ನು ಹಳೆಯ ಜಾಗದಲ್ಲಿ ನೆಡಿಸಿಯೇ ಬಂದೆ. ಸಂಜೆಗೆ ಅವನ ದೂರು: ಹೆಣ್ಣುಮಗಳಿಗೆ ತಕ್ಕ ನಡತೆಯಲ್ಲ. ಮರುದಿನ ಕಚೇರಿಯಿಂದ ಕಾರಣ ಕೇಳಿ ನೋಟಿಸ್.

ನೋಟಿಸ್ ಕೊಟ್ಟ ಸಾಹೇಬರು ನಗುತ್ತಲೇ ಹೇಳಿದರು: “ಎರಡ ಸಾಲ ಕ್ಷಮಾ ಕೇಳಿ ಬರದ ಕೊಡ್ರಿ ಮೇಡಂ. ಹೆಣ್ಮಕ್ಕಳಿಗೆ ಏನ ದೊಡ್ಡದು? ಇಲ್ಲಾಂದ್ರ ಬಡ್ತಿ ಫೈಲ್ ನಿಲ್ಲತೈತಿ ನೋಡ್ರಿ.” ಇದೇ ಸಾಹೇಬರು ಮೇಜು ಕುಟ್ಟಿದರೆ ಶಿಸ್ತು. ನಾನು ದನಿ ಏರಿಸಿದರೆ, “ಮನ್ಯಾಗ ಏನರ ಜಗಳ ಆಗೇತೇನು?”

ನನಗೆ ನೌಕರಿಯ ಆದೇಶ ಬಂದ ದಿನ ನಿನ್ನ ಹಳೆಯ ಅಳತೆ ಟೇಪು ಕೈಗಿಟ್ಟು ನೀನು ಏನು ಹೇಳಿದ್ದೆ? “ಸಾವಕಾಶ ಮಾತಾಡವಾ. ನಗನಗತಾ ಕೆಲಸ ತಗೋ.” ತಮ್ಮನಿಗೆ ನೌಕರಿ ಸಿಕ್ಕಾಗ ಮಾತ್ರ, “ಯಾರಿಗೂ ಅಂಜಬ್ಯಾಡಲೇ.” ಅಂದರೆ ನಿನಗೂ ಗೊತ್ತಿತ್ತು. ನನ್ನನ್ನು ಕಾಯಲೆಂದು ಹಾಗೆ ಹೇಳಿದೆಯೋ, ಇಲ್ಲ ನೀನೂ ಅವರಂತೆಯೇ… ನೀನಿರುವಾಗಲೇ ಕೇಳಬೇಕಿತ್ತು.

ಇವತ್ತು ಉತ್ತರ ಕೊಟ್ಟೆ. ಎರಡೇ ಸಾಲು: “ಈ ಮಾತನ್ನು ಇದೇ ಹೊಲದಲ್ಲಿ, ಇದೇ ಹುದ್ದೆಯಲ್ಲಿದ್ದ ನನ್ನ ತಂದೆ ಆಡಿದ್ದರು. ಅವರಿಗೇಕೆ ನೋಟಿಸ್ ಬರಲಿಲ್ಲ ಎಂಬುದಕ್ಕೆ ಕಾರಣ ತಿಳಿಸಬೇಕಾಗಿ ವಿನಂತಿ.”

ಸಾಹೇಬರು ಎರಡು ಸಲ ಓದಿದರು. “ಇದನ್ನ ತಗೊಂಡ ನಾ ಏನ ಮಾಡ್ಲಿರಿ?”

“ರಿಜಿಸ್ಟರದಾಗ ಏರಿಸಿ ಇನ್‌ವರ್ಡ್ ನಂಬರ್ ಹಾಕ್ರಿ” ಅಂದೆ.

ಸಾವಕಾಶ ಅನ್ನಲಿಲ್ಲ, ಅಪ್ಪಾ.