ಹಿಂಬದಿಯ ಮುಚ್ಚಳ

ನನ್ನ ಗುಬ್ಬೀ,

ಅಳತೆ ಸರಿಮಾಡಲು ಕೊಟ್ಟಿದ್ದ ನಿನ್ನ ಕೋಟಿನ ಅಸ್ತರಿನಲ್ಲಿ ಈ ಕಾಗದವಿಟ್ಟು ಕಳಿಸುತ್ತಿದ್ದೇನೆ. ಎಲ್ಲಿದೆಯೆಂದು ದರ್ಜಿಯಮ್ಮ ನಿನ್ನ ಕಿವಿಯಲ್ಲಿ ಹೇಳುತ್ತಾಳೆ. ಇನ್ನೇನು ಮಾಡಲಿ, ಫೋನ್ ಮಾಡಿದಾಗಲೆಲ್ಲ ನಿನ್ನ ಗಂಡನೇ ಎತ್ತುತ್ತಾನೆ. "ಮಲಗಿದ್ದಾಳೆ ಅಕ್ಕಾ" ಎನ್ನುತ್ತಾನೆ. ಜ್ವರ ಬಂದರೂ ಹಗಲು ಹೊತ್ತು ಮಲಗುವವಳಲ್ಲ ನೀನು. ಬಾಗಿಲು ಹಾಕಿಕೊಂಡು ಓದು.

ಸೋಮವಾರ ಅವನು ಅಂಗಡಿಗೆ ಬಂದಿದ್ದ. ಹಳೆಯದೊಂದು ಚಿನ್ನದ ಜೇಬುಗಡಿಯಾರ ತಂದಿದ್ದ. "ಒಳ್ಳೇ ಗಿರಾಕಿ ಸಿಕ್ಕಿದಾನೆ ಅಕ್ಕಾ. ಎಲ್ಲಾ ಅಸಲಿ ಅಂತ ನೀವೊಂದು ಮಾತು ಹೇಳಿದ್ರೆ ಮುಗೀತು" ಎಂದ. ಅಪ್ಪನ ಗಡಿಯಾರದಂಗಡಿಯ ಮಾತಿಗೆ ಇನ್ನೂ ಬೆಲೆ ಇದೆಯಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಚಿನ್ನದ ಕೇಸು ಬಿಚ್ಚಿದೆ.

ಕೇಸಿನ ಮುಂದಿನ ಮುಚ್ಚಳ, ಹಿಂದಿನದು, ಒಳಗಿನ ತೆಳು ಮುಚ್ಚಳ ಮೂರರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತಾರೆಂದು ಅಪ್ಪ ನಮಗೆ ಹೇಳಿಕೊಟ್ಟದ್ದು ನೆನಪಿದೆಯಲ್ಲ? ಇದರಲ್ಲಿ ಎರಡು ಹೊಂದುತ್ತಿದ್ದವು, ಹಿಂದಿನದು ಬೇರೆಯೇ. ಚಿನ್ನದ ಬಣ್ಣ ತುಸು ಕೆಂಪು. ಕೀಲನ್ನು ಅರದಿಂದ ಉಜ್ಜಿ, ಒತ್ತಾಯದಿಂದ ಕೂರಿಸಿದ್ದರು. "ಬೇರೆ ಗಡಿಯಾರದ ಮುಚ್ಚಳ ಇದು" ಎಂದೆ. ಅವನು ನಕ್ಕ. "ಚಿನ್ನ ಚಿನ್ನಾನೇ ಅಲ್ವಾ?"

ಅಲ್ಲವೆಂದು ಬಿಡಿಸಿ ಹೇಳಿದೆ. ಹಳೆಯ ವಸ್ತು ಕೊಳ್ಳುವವರು ಚಿನ್ನಕ್ಕೆ ದುಡ್ಡು ಕೊಡುವುದಿಲ್ಲ. ಹುಟ್ಟಿದಾಗಿನಿಂದ ಆ ಭಾಗಗಳು ಒಂದನ್ನೊಂದು ಬಿಟ್ಟಿಲ್ಲ ಎಂಬುದಕ್ಕೆ ಕೊಡುತ್ತಾರೆ. ಒಂದು ಮುಚ್ಚಳ ಬದಲಾದರೂ ಬೆಲೆ ಅರ್ಧಕ್ಕಿಳಿಯುತ್ತದೆ. ಮುಚ್ಚಿಟ್ಟು ಮಾರಿದ್ದು ಗೊತ್ತಾದರೆ ಚಿನ್ನ ಕರಗಿಸುವವನು ಕೊಡುವ ತೂಕದ ಬೆಲೆಯಷ್ಟೇ. ಹೀಗೆ ಹೇಳುತ್ತಲೇ ಮುಚ್ಚಳವನ್ನು ಬೆಳಕಿಗೆ ಓರೆ ಮಾಡಿದೆ.

ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಕೊರೆದ ರೈಲುಹಳಿ ಇತ್ತು ಗುಬ್ಬಿ. ನಮ್ಮ ಸ್ಟೇಷನ್ ಮಾಸ್ತರರ ಗಡಿಯಾರಕ್ಕೆ ಅಪ್ಪ ಹಾಕಿದ್ದ ಗುರುತು. ಪ್ರತಿ ಸಲ ತೊಳೆದು ಎಣ್ಣೆ ಬಿಟ್ಟಾಗ ಹಳಿಗೆ ಒಂದು ಅಡ್ಡಗೆರೆ ಸೇರಿಸುತ್ತಿದ್ದರು, ಅವರ ನಂತರ ನಾನು. ಕೊನೆಯ ಗೆರೆ ಹೊಸದು, ನಾನೇ ಈ ವರ್ಷ ಎಳೆದದ್ದು. ಅವತ್ತು ಮಾಸ್ತರರು ಎಂದಿನಂತೆ ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. "ಇದು ನನ್ನ ಜೊತೆಗೇ ಮಣ್ಣಿಗೆ ಹೋಗೋದು ಕಣಮ್ಮ" ಎಂದಿದ್ದರು. ಆಮೇಲೆ ಸ್ವಲ್ಪ ದಿನಕ್ಕೆ ಅವರು ತಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಕಾಲು ಜಾರಿರಬೇಕು ಎಂದರು ಎಲ್ಲರೂ. ಗಡಿಯಾರ ಮಾತ್ರ ಎಲ್ಲೂ ಸಿಗಲಿಲ್ಲ.

"ಈ ಮುಚ್ಚಳ ಎಲ್ಲಿ ಸಿಕ್ತು?" ಎಂದು ಕೇಳಿದೆ.

"ಹರಾಜಲ್ಲಿ. ಎರಡು ವರ್ಷ ಆಯ್ತೇನೋ."

ಈ ವರ್ಷ ನಾನೇ ಗೆರೆ ಎಳೆದ ಮುಚ್ಚಳ ಅದು! ಗಡಿಯಾರವನ್ನು ಬಿಟ್ಟುಹೋಗು, ಕೀಲು ಸರಿಮಾಡಿಕೊಡುತ್ತೇನೆ ಎಂದೆ. ಒಪ್ಪಿದ. ಬಾಗಿಲಿನವರೆಗೆ ಹೋದವನು ತಿರುಗಿ, "ನಿಮ್ಮ ತಂಗೀನೂ ಇತ್ತೀಚೆಗೆ ಹೀಗೇ ಅಕ್ಕಾ. ಇದೆಲ್ಲಿಂದ ಬಂತು, ಅದೆಲ್ಲಿಂದ ಬಂತು ಅಂತ. ನಮ್ಮನೆ ಮೆಟ್ಟಿಲೂ ಕಡಿದು, ಹುಷಾರಾಗಿ ಓಡಾಡು ಅಂದ್ರೆ ಕೇಳಲ್ಲ" ಎಂದ. ನಗುತ್ತಲೇ ಹೇಳಿದ.

ಮುಚ್ಚಳವನ್ನು ಬಿಚ್ಚಿ ಇನ್‌ಸ್ಪೆಕ್ಟರ್ ಕೈಗೆ ಕೊಟ್ಟು ಬಂದಿದ್ದೇನೆ. ಅವರು ನಂಬಿದ್ದಾರೆ. ಆದರೆ ಮಾಸ್ತರರ ಗಡಿಯಾರದ ಉಳಿದ ಭಾಗ ಬೇಕಂತೆ, ಮನೆ ಜಾಲಾಡಲು ಅಪ್ಪಣೆ ಬರಬೇಕಂತೆ, ಅದಕ್ಕೆ ಇನ್ನೂ ದಿನ ಹಿಡಿಯುತ್ತದಂತೆ. ಮುಂದಿನ ಮುಚ್ಚಳದ ಮೇಲೆ ರೈಲಿನ ಎಂಜಿನ್ ಕೆತ್ತನೆ ಇತ್ತು. ಯಾರಾದರೂ ಗುರುತು ಹಿಡಿದಾರೆಂದು ಅದನ್ನು ಮಾರಿರಲಿಕ್ಕಿಲ್ಲ. ಅದು ನಿನ್ನ ಮನೆಯಲ್ಲೇ ಇರಬಹುದು. ನಿನ್ನ ಕಾಲಿಗೆ ಬೀಳುತ್ತೇನೆ, ನೀನು ಹುಡುಕಬೇಡ. ಅವನ ಮೇಜಿನ ಹತ್ತಿರವೂ ಸುಳಿಯಬೇಡ. ಇವತ್ತು ರಾತ್ರಿ ಏನನ್ನೂ ಕೇಳಬೇಡ. ಅವನು ಏನೇ ಹೇಳಿದರೂ ಹೂಂ ಅನ್ನು.

ನಾಳೆ ಬೆಳಗ್ಗೆ ಅವನು ಗಡಿಯಾರ ಒಯ್ಯಲು ಇಲ್ಲಿಗೆ ಬರುತ್ತಾನೆ. ಅವನು ಬೀದಿಯ ತಿರುವು ದಾಟಿದ ಕೂಡಲೇ ಉಟ್ಟ ಬಟ್ಟೆಯಲ್ಲೇ ಹೊರಟು ದರ್ಜಿಯಮ್ಮನ ಮನೆಗೆ ಹೋಗು. ಅಲ್ಲಿ ಒಬ್ಬ ಮಹಿಳಾ ಪೊಲೀಸ್ ಇರುತ್ತಾರೆ. ಅವನನ್ನು ಇಲ್ಲಿ ಕೂರಿಸಿಕೊಂಡು ಮಾತಾಡುತ್ತೇನೆ. ಯಾವ ಭಾಗ ಬದಲಾದರೆ ಬೆಲೆ ಎಷ್ಟು ಇಳಿಯುತ್ತದೆಂದು ಅಪ್ಪ ಹೇಳಿಕೊಟ್ಟದ್ದನ್ನೆಲ್ಲ ಹೇಳುತ್ತೇನೆ. ಹಿಂಬದಿಯ ಮುಚ್ಚಳವಿಲ್ಲದ ಗಡಿಯಾರವನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟಿರುತ್ತೇನೆ. ಅವನು ಅದನ್ನು ಕೈಗೆತ್ತಿಕೊಂಡು ಮಗುಚಿ ನೋಡುವವರೆಗೆ ನಿನಗೆ ಸಮಯವಿದೆ.

ಹೊಸ್ತಿಲು ದಾಟುವ ನಿನ್ನ ಕಾಲಿಗೆ ನನ್ನ ಆಯಸ್ಸೆಲ್ಲ ಬಲವಾಗಿ ಬರಲಿ.

ನಿನ್ನ ಅಕ್ಕ