ಯಾರ ಕೈಯಾಗ ತಯಾರಾದಿ?

ಕಂಪ್ಲಿ
ತಾ. ೧೧-೮-೨೦೨೫, ಸೋಮವಾರ

ತಮ್ಮ ಹುಲುಗಪ್ಪಗ ದುರ್ಗಕ್ಕನ ಆಶೀರ್ವಾದ.

ಆರಾಮಿದ್ದಿ ಅಂದ್ಕೊಂಡೀನಿ. ಹೊತ್ತಿಗೆ ಸರಿಯಾಗಿ ಉಣ್ತೀಯೋ ಇಲ್ಲೋ? ನಿನ್ನ ಸಿನಿಮಾ ಪೋಸ್ಟರಿನಾಗ ಗಲ್ಲ ಬತ್ತಿಹೋಗ್ಯಾವ. ನಾವು ಆರಾಮ. ಫೋನ್ ಮಾಡಿದ್ರ ನಿನ್ನ ಮ್ಯಾನೇಜರ್ ಮನೋಹರ ಎತ್ತಿ, "ಸರ್ ಶೂಟಿಂಗಲ್ಲಿದ್ದಾರೆ ಮೇಡಂ" ಅಂತಾನ. ಒಡಹುಟ್ಟಿದ ಅಕ್ಕ ಮೇಡಂ ಆದ್ಲು! ಅದಕ್ಕ ಕಾಗದ ಹಿಡ್ದೀನಿ. ಕಾಗದ ಆದ್ರ ಯಾರಿಗೂ ನಡುವ ಕಟ್ ಮಾಡಾಕ ಬರಂಗಿಲ್ಲ.

ಮೊನ್ನಿ ಟಿವಿಯಾಗ ಏನಂದಿ ಲೇ? "ನಮ್ಮ ಮನೇಲಿ ಫೈಟ್ ಅಂದ್ರೇನು ಅಂತಾನೇ ಯಾರಿಗೂ ಗೊತ್ತಿರ್ಲಿಲ್ಲ, ನಾನು ಎಲ್ಲಾ ಥಾಯ್ಲೆಂಡಲ್ಲಿ ಕಲಿತಿದ್ದು." ಮನೇಲಿ ಅಂತ ಮನೇಲಿ! ಮನ್ಯಾಗ ಅನ್ನಾಕ ಬಾಯಿಗೆ ಏನಾಗಿತ್ತು? ನಲವತ್ತು ವರ್ಷ ಗರಡಿ ನಡೆಸಿದ ಅಪ್ಪ, ಊರೆಲ್ಲಾ ವಸ್ತಾದ್ ಜಂಬುನಾಥ ಅಂತ ಕೈ ಮುಗಿಯೋ ನಮ್ಮಪ್ಪ, ನನ್ನ ಪಕ್ಕದಾಗ ಕುಂತು ನೋಡಾಕತ್ತಿದ್ದ. ಎದ್ದು ಹೋಗಿ ಗರಡಿ ಬಾಗ್ಲಾ ಎಳ್ದು ಕೀಲಿ ಹಾಕಿದ. ಇವತ್ತಿಗೆ ಆರು ದಿನ ಆತು. ಹುಡುಗ್ರು ಬೆಳಿಗ್ಗೆ ಬರ್ತಾವ, ಲಂಗೋಟಿ ಕೈಯಾಗ ಹಿಡ್ಕೊಂಡು ವಾಪಸ್ ಹೋಗ್ತಾವ.

ನೀನು ಮರ್ತಿರಬೇಕು, ನಾನು ಮರ್ತಿಲ್ಲ. ಏಳು ವರ್ಷದವ ಇದ್ದಾಗ ಗರಡಿ ಮಣ್ಣಿಗೆ ಹಾಕಾಕ ಇಟ್ಟ ಮಜ್ಜಿಗಿ ಅರ್ಧ ಕುಡ್ದು, ಉಳಿದದ್ದಕ್ಕ ನೀರು ಬೆರೆಸಿ ಸುರಿದಿದ್ದಿ. ಅಪ್ಪ ಕಾಲಿಟ್ಟ ಕೂಡ್ಲೇ, ಮಣ್ಣು ಹದ ತಪ್ಪೈತಿ, ಯಾರು ಕುಡಿದ್ರಿ ಅಂದ. ಅವನ ಮುಂದ ನಿನ್ನ ಕಳ್ಳಾಟ ಒಂದಿನಾನೂ ನಡೀಲಿಲ್ಲ. ಬಿದ್ರ ನೆಲಕ್ಕ ಕೈ ಊರದ ಏಳಬೇಕಂತ ನಿನ್ನ ದಿನಾ ಕೆಡವಿ ಕೆಡವಿ ಏಳಿಸ್ತಿದ್ದ. ನೀನು ಅಳ್ತಿದ್ದಿ, ನಾನು ಬೆಲ್ಲ ಕೊಟ್ಟು ಸಮಾಧಾನ ಮಾಡ್ತಿದ್ದೆ. ಸಂಡೂರಿನ ಕುಸ್ತಿಯಾಗ ಕಣಕ್ಕ ಇಳಿಯೋ ಮೊದ್ಲು ಹಿರಿಯರು ರೂಢಿ ಪ್ರಕಾರ, "ಯಾರ ಕೈಯಾಗ ತಯಾರಾದಿ?" ಅಂತ ಕೇಳಿದ್ರು. ಎದಿ ಉಬ್ಬಿಸಿ ಅಪ್ಪನ ಹೆಸರು ಒದರಿದಿ. ಅವತ್ತು ಗೆದ್ದು ತಂದ ಬೆಳ್ಳಿ ಕಡಗ ಇನ್ನೂ ಗರಡಿಯಾಗ ಹಣಮಪ್ಪನ ಫೋಟೋಕ್ಕ ತೂಗಾಕತ್ತೈತಿ.

ಹಂಪಿಗೆ ಶೂಟಿಂಗಿನವರು ಬಂದಾಗ ಹೀರೋ ಬದ್ಲಿ ಬಂಡೆ ಮ್ಯಾಲಿಂದ ಜಿಗಿಯಾಕ ಯಾರೂ ಮುಂದ ಬರ್ಲಿಲ್ಲ. ನೀನು ಜಿಗಿದಿ, ಬಿದ್ದಿ, ಕೈ ಊರದನ ಎದ್ದು ನಿಂತಿ. ಅದನ್ನ ನೋಡೇ ಫೈಟ್ ಮಾಸ್ಟರ್ ನಿನ್ನ ಬೆಂಗಳೂರಿಗೆ ಕರ್ಕೊಂಡು ಹೋದ. ಆ ಏಳೋದನ್ನ ಯಾವ ಥಾಯ್ಲೆಂಡ್ ಕಲಿಸಿತ್ತಪ್ಪಾ? ಆರು ವರ್ಷ ಡೂಪ್ ಆಗಿ ಮಂದಿ ಪೆಟ್ಟು ತಿಂದಿ, ವಿಲನ್ ಹಿಂದ ಮುಖ ಗಂಟಿಕ್ಕಿ ನಿಂತಿ, ಈಗ ಹೀರೋ ಆದಿ. ಹುಲಿಗೆಮ್ಮಗ ಹರಕಿ ಹೊತ್ತು ಇಟ್ಟ ಹೆಸರು ಬಿಟ್ಟು ವೀರಾಂಶ್ ಅಂತ ಕರೆಸ್ಕೊಂಡಿ, ಅದಕ್ಕೂ ಸುಮ್ಕಿದ್ವಿ. ಥಾಯ್ಲೆಂಡಿನಾಗ ಮೂರು ತಿಂಗಳು ಕಲ್ತಿ, ಭಾಳ ಚಲೋ. ಅದಕ್ಕ ಅಪ್ಪನ್ನ ಯಾಕ ಒರೆಸಿ ಹಾಕಿದಿ?

ಬರೋ ಐತವಾರ ಸಿನಿಮಾ ಗೆದ್ದ ಖುಷಿಗೆ ಹೊಸಪೇಟಿಗೆ ಬರ್ತೀಯಂತ. ಮೈಕ್ ಕೈಗೆ ಬಂದ ಕೂಡ್ಲೇ ಮೊದ್ಲು ಅಪ್ಪನ ಹೆಸರು ಹೇಳಬೇಕು. ಇಲ್ಲಾಂದ್ರ ನಾನೇ ಮುಂದಿನ ಸಾಲಿನಾಗ ಎದ್ದು ನಿಂತು, ಯಾರ ಕೈಯಾಗ ತಯಾರಾದಿ ಅಂತ ಕೇಳ್ತೀನಿ. ಆಗ ಮಾನ ಹೋಗೋದು ನಿಂದು, ನಂದಲ್ಲ.

ಹುಲಿಗೆಮ್ಮ ನಿನ್ನ ಚಂದಾಗಿ ಇಡ್ಲಿ. ಸಿಟ್ಟು ಬ್ಯಾರೆ, ಊಟ ಬ್ಯಾರೆ. ಹೊತ್ತಿಗೆ ಉಣ್ಣು.

ನಿಮ್ಮಕ್ಕ,
ದುರ್ಗಾ

ತಾ.ಕ.: ಮಡಚಿದ ಕಾಗದ ಮತ್ತ ಬಿಚ್ಚೀನಿ. ಅಪ್ಪ ಈಗ ಹೊಸಪೇಟಿಯಿಂದ ಬಂದ, ನಿನ್ನ ಸಿನಿಮಾ ಮೂರನೇ ಸಲ ನೋಡ್ಕೊಂಡು. ಟಿವಿ ಮಾತಿಗೆ ಸಿಟ್ಟಾಗ್ಯಾನಂತ ನಾನು ತಿಳ್ಕೊಂಡಿದ್ದೆ. ಅಲ್ಲಂತ. ಅವತ್ತು ಟಿವಿಯಾಗ ನೀನು ಕುರ್ಚಿ ಬಿಟ್ಟು ಏಳೋದು ನೋಡೇ ಅನುಮಾನ ಬಂದಿತ್ತಂತ. "ಸಿನಿಮಾದಾಗ ಬಿದ್ದಾಗೆಲ್ಲ ಬಲಗೈ ಊರಿ ಏಳ್ತಾನವ್ವ. ಎಡಮೊಣಕಾಲು ಹೋಗೈತಿ, ಮುಚ್ಚಿಟ್ಟಾನ. ನನ್ನ ಕೈಯಾಗ ತಯಾರಾದವ ಕುಂಟಾಕತ್ಯಾನ, ಇನ್ನೊಬ್ರಿಗೆ ಏನು ಕಲಿಸ್ಲಿ?" ಅಂದ. ಕೀಲಿ ಅದಕ್ಕ ಹಾಕ್ಯಾನ ನೋಡು. ಮೈಕ್ ಸುಡುಗಾಡಿಗೆ ಹೋಗ್ಲಿ, ಜಲ್ದಿ ಮನಿಗೆ ಬಾ, ನಿನ್ನ ಮೊಣಕಾಲಿಗೆ ತಿಕ್ಕಾಕ ಅಪ್ಪ ಎಣ್ಣಿ ಕಾಯಿಸಾಕತ್ಯಾನ. ನೋವಿಲ್ಲ ಅಂತ ಟಿವಿಯವರಿಗೆ ಬೇಕಾದ್ರ ಹೇಳ್ಕೋ. ಅಪ್ಪನ ಮುಂದ ಮಜ್ಜಿಗಿಗೆ ನೀರು ಬೆರೆಸಬ್ಯಾಡ.